ಅರ್ಧ ಪಾತ್ರೆ ಅಕ್ಕಿ

ಬಾರ್ಕೂರಿನಿಂದ ಸೂರತ್ತಿಗೆ ಬಂದು ಮೂವತ್ತು ವರ್ಷವಾದ ಸದಾಶಿವ ಉಪಾಧ್ಯರಿಗೆ ಅಲ್ಲಿನ ವರಾಛಾ ಬಡಾವಣೆಯಲ್ಲೊಂದು ದೋಸೆ ಹೋಟೆಲಿದೆ. ಅದರ ಮೇಲಂತಸ್ತಿನಲ್ಲಿ ಮಗನ್‌ಭಾಯಿಯ ವಜ್ರ ಪಾಲಿಶ್ ಕಾರ್ಖಾನೆ. ಮೇಲೆ ಕೆಲಸವಿದ್ದರೆ ಕೆಳಗೆ ದೋಸೆ ಖರ್ಚಾಗುತ್ತದೆ. ಮೇಲೆ ಕೆಲಸವಿರಬೇಕಾದರೆ ಅಮೆರಿಕದವರು ವಜ್ರ ಕೊಳ್ಳಬೇಕು. ಅವರು ಕೊಳ್ಳುವುದು ಬಿಡುವುದು ಅಲ್ಲಿನ ಸರಕಾರ ಹಾಕುವ ಸುಂಕದ ಮೇಲಿದೆ. ಹೀಗಾಗಿ ಉಪಾಧ್ಯರು ದಿನಾ ಮಧ್ಯಾಹ್ನ ಟಿವಿಯಲ್ಲಿ ಸುಂಕದ ಸುದ್ದಿ ನೋಡಿಯೇ ಮರುದಿನದ ದೋಸೆಗೆ ಅಕ್ಕಿ ನೆನೆಹಾಕುತ್ತಾರೆ. ಬಾರ್ಕೂರಿನಲ್ಲಿ ಅವರ ತಾಯಿಗೆ ಈ ಕೆಲಸಕ್ಕೆ ಅಮೆರಿಕ ಬೇಕಾಗಿರಲಿಲ್ಲ.

ಅವರ ಅಂದಾಜು ಹೆಚ್ಚಾಗಿ ತಪ್ಪುವುದಿಲ್ಲ. ಇದನ್ನು ಗಮನಿಸಿದ ಮಗನ್‌ಭಾಯಿ ಸುದ್ದಿ ನೋಡುವುದನ್ನೇ ಬಿಟ್ಟ. ಸಂಜೆ ಚಹಾ ಕುಡಿಯಲು ಬಂದವನು ಅಡುಗೆಮನೆಗೆ ಇಣುಕಿ, ಅಕ್ಕಿಯ ಪಾತ್ರೆ ತುಂಬಿದೆಯೇ ಎಂದು ನೋಡಿಕೊಂಡು ಹೋಗುತ್ತಾನೆ.

ಕಳೆದ ಮಂಗಳವಾರ ದೊಡ್ಡ ಗ್ರೈಂಡರಿನ ಮೋಟರ್ ಸುಟ್ಟುಹೋಯಿತು. ಚಿಕ್ಕದರಲ್ಲಿ ರುಬ್ಬಲು ಆಗುವುದು ಅಷ್ಟೇ ಎಂದು ಉಪಾಧ್ಯರು ಅರ್ಧ ಪಾತ್ರೆ ಅಕ್ಕಿ ನೆನೆಹಾಕಿದರು. ಸಂಜೆ ಮಗನ್‌ಭಾಯಿ ಇಣುಕಿದ. ಚಹಾ ಅರ್ಧಕ್ಕೇ ಬಿಟ್ಟು ಮೇಲೆ ಹೋಗಿ, ಅರ್ಧ ಕೆಲಸಗಾರರಿಗೆ ನಾಳೆಯಿಂದ ಬರುವುದು ಬೇಡ ಎಂದ.

ಮರುದಿನ ಹಿಟ್ಟು ಸರಿಯಾಗಿ ಸಾಕಾಯಿತು.

"ಸಾಲುದಿಲ್ಲ ಅಂತ ರಾತ್ರಿಯಿಡೀ ನಿದ್ದೆ ಮಾಡ್ಲಿಲ್ಲ ನೀವು," ಎಂದರು ಹೆಂಡತಿ ಕಮಲಾ.

"ಸುದ್ದಿಯಲ್ಲಿ ಎಂತದೂ ಇರ್ಲಿಲ್ಲ ಮಾರಾಯ್ತಿ. ಜನ ಯಾಕೆ ಬರ್ಲಿಲ್ಲ?" ಎಂದು ಉಪಾಧ್ಯರು ಖಾಲಿ ಮೇಜುಗಳನ್ನು ನೋಡಿದರು.

ಮಧ್ಯಾಹ್ನದ ಹೊತ್ತಿಗೆ ಗ್ರೈಂಡರ್ ರಿಪೇರಿಯಾಗಿ ಬಂತು. ಜನ ಕಡಿಮೆಯಾದದ್ದನ್ನು ಕಣ್ಣಾರೆ ಕಂಡಿದ್ದ ಉಪಾಧ್ಯರು ಅಂದೂ ಅರ್ಧ ಪಾತ್ರೆಯೇ ನೆನೆಹಾಕಿದರು.