ಸ್ಟಿಲ್ ಅಂದರೆ ಸ್ಟೀಲ್ ಅಲ್ಲ

ಶರ್ವಾಣಿ ಜಯನಗರದ ಸ್ಕ್ಯಾನಿಂಗ್ ಸೆಂಟರಿಗೆ ಸೇರಿ ಹನ್ನೊಂದು ವರ್ಷವಾಗಿತ್ತು. ಬೆಳಿಗ್ಗೆ ಹನುಮಂತನಗರದಿಂದ ಬಸ್ಸು ಹಿಡಿದು ಬಂದರೆ ದಿನಕ್ಕೆ ಹದಿನೈದು ಜನ. ಅವರ ಬಳೆ, ಓಲೆ, ಪಿನ್ನು ತೆಗೆಸುವುದು, ಎಂಆರ್‌ಐ ಯಂತ್ರದೊಳಗೆ ಮಲಗಿಸುವುದು, ಗಾಜಿನಾಚೆ ಕೂತು ಪರದೆ ನೋಡುವುದು. ಕಳೆದ ವರ್ಷ ಬಂದ ಹೊಸ ಯಂತ್ರ ತಾನೇ ಇಂಗ್ಲಿಷಿನಲ್ಲಿ ಹೇಳುತ್ತಿತ್ತು: "ಪ್ಲೀಸ್ ಕೀಪ್ ಸ್ಟಿಲ್." ತನ್ನ ಬಾಯಿಗೆ ಅಷ್ಟಾದರೂ ಬಿಡುವು ಸಿಕ್ಕಿತೆಂದು ಅವಳಿಗೆ ಸಮಾಧಾನವಾಗಿತ್ತು.

ಒಂದು ಶನಿವಾರ ಮಧ್ಯಾಹ್ನ ಸೊಂಟನೋವೆಂದು ಮಂಗಮ್ಮ ಬಂದರು. ಜೆ.ಪಿ. ನಗರದವರು, ಎಪ್ಪತ್ತು ದಾಟಿದವರು. ತಾವು ರಾಗಿ ಬೆಳೆದ ಜಾಗದಲ್ಲೇ ಈಗ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು. ಸ್ಕ್ಯಾನ್ ಶುರುವಾದ ಮೂರೇ ನಿಮಿಷಕ್ಕೆ ಚಿತ್ರ ಕಲಸಿಹೋಯಿತು. ಮತ್ತೆ ಶುರು ಮಾಡಿದಳು, ಮತ್ತೆ ಅದೇ. ಊಟವನ್ನೂ ಮಾಡಿರದ ಶರ್ವಾಣಿ ಯಂತ್ರ ನಿಲ್ಲಿಸಿ ಒಳಗೆ ನುಗ್ಗಿದಳು.

"ಯಾಕಜ್ಜಿ ಹಿಂಗ್ ಅಲ್ಲಾಡ್ತೀರಾ? ಆಚೆ ಇನ್ನೂ ಆರು ಜನ ಕಾಯ್ತಿದಾರೆ!"

"ನಾನೇನ್ ಮಾಡ್ಲವ್ವ? ಅದು ಒಂದೇ ಸಮ ಸ್ಟೀಲು ಸ್ಟೀಲು ಅಂತೈತೆ. ಕಿವೀದು, ಕಾಲುಂಗ್ರ ಎಲ್ಲಾ ಬಿಚ್ಕೊಟ್ಟಿವ್ನಿ. ಇನ್ನೂ ಎಲ್ ಉಳ್ಕೊಂಡೈತೋ ಅಂತ ತಡಕ್ತಿದ್ದೆ."

ಶರ್ವಾಣಿಯ ಸಿಟ್ಟು ಅಲ್ಲೇ ಇಳಿಯಿತು. ಪಕ್ಕದ ಸ್ಟೂಲಿನ ಮೇಲೆ ಕೂತಳು.

"ಸ್ಟೀಲ್ ಅಲ್ಲಜ್ಜಿ, ಸ್ಟಿಲ್. ಅಲ್ಲಾಡ್ದೆ ಹಂಗೇ ಇರಿ ಅಂತ."

"ಅಷ್ಟೇಯಾ? ಕನ್ನಡದಾಗೆ ಯೋಳಿದ್ರೆ ಗಾಳಿ ಇಲ್ದಿರೋ ಕೆರೆ ನೀರಿನ್ ಹಂಗೆ ಬಿದ್ಕಂತಿರ್ಲಿಲ್ವಾ?" ಮಂಗಮ್ಮ ಅವಳ ಮುಖವನ್ನೇ ದಿಟ್ಟಿಸಿದರು. "ನೀನ್ ಯಾವಾಗವ್ವ ಹಂಗ್ ಮಲಗಾದು? ಕಣ್ಣು ಒಳಕ್ಕೋಗವೆ."

ಶರ್ವಾಣಿ ದಿಂಬು ಸರಿಮಾಡುವ ನೆಪದಲ್ಲಿ ಮುಖ ತಿರುಗಿಸಿದಳು. ಹೊರಗೆ ಬಂದು ಯಂತ್ರದ ದನಿಯನ್ನು ಬಂದ್ ಮಾಡಿ, ಮೈಕಿನಲ್ಲಿ ತಾನೇ ಹೇಳತೊಡಗಿದಳು: "ಅಲ್ಲಾಡ್ಬೇಡಿ ಅಜ್ಜಿ. ಇನ್ನೆರಡೇ ನಿಮಿಷ." ಚಿತ್ರ ಸ್ವಚ್ಛವಾಗಿ ಬಂತು.

ಸೋಮವಾರ ಮ್ಯಾನೇಜರ್ ಸೋಮನಾಥರ ಬಳಿ ಹೋಗಿ, ಯಂತ್ರಕ್ಕೆ ಕನ್ನಡದ ದನಿ ಹಾಕಿಸಿಕೊಡಿ ಎಂದು ಕೇಳಿದಳು. ಅವರು ಕಂಪನಿಗೆ ಬರೆದರು. ನಾಲ್ಕು ತಿಂಗಳ ಮೇಲೆ ವಿಚಾರಿಸಿದಾಗ, "ಸ್ಟಿಲ್ ಪೆಂಡಿಂಗ್ ಅಮ್ಮ" ಎಂದರು. ಈ ಸ್ಟಿಲ್ಲಿಗೆ 'ಇನ್ನೂ' ಎಂದು ಅರ್ಥ. ಅಲ್ಲಾಡಬೇಡ ಎನ್ನುವುದಕ್ಕೂ ಇನ್ನೂ ಕಾಯಬೇಕು ಎನ್ನುವುದಕ್ಕೂ ಅದೊಂದೇ ಮಾತು ಎಂಬುದು ಶರ್ವಾಣಿಗೆ ಅವತ್ತಿನವರೆಗೆ ತೋಚಿರಲಿಲ್ಲ. ನಗು ಬಂತು, ನಗುವಷ್ಟು ತ್ರಾಣವಿರಲಿಲ್ಲ.

ಈಗಲೂ ಪ್ರತಿಯೊಬ್ಬರಿಗೂ ಅವಳೇ ಹೇಳುತ್ತಾಳೆ. ಒಂದೇ ಸ್ಕ್ಯಾನನ್ನು ಎರಡೆರಡು ಸಲ ಮಾಡುವುದು ತಪ್ಪಿದೆ. ಸಂಜೆಯ ಹೊತ್ತಿಗೆ ಗಂಟಲು ಕಟ್ಟಿಹೋಗಿರುತ್ತದೆ. ಬಸ್ಸಿನಲ್ಲಿ ಕಂಡಕ್ಟರ್ ಬಂದರೆ ಆಧಾರ್ ಕಾರ್ಡ್ ತೋರಿಸಿ, ಮಾತಾಡದೆ ಕಿಟಕಿಗೆ ತಲೆ ಆನಿಸುತ್ತಾಳೆ.