ಅಂಗಾತ ಬಿದ್ದವನು ಗೆದ್ದ ದಿನ

ಮಿಕ್ಸ್‌ಡ್ ಮಾರ್ಷಲ್ ಆರ್ಟ್ಸ್ ಎಂಬ ಪಂಜರದ ಕುಸ್ತಿಯನ್ನು ಟಿವಿಯಲ್ಲಿ ನೋಡುವವರು ಈಗ ಬೇಕಾದಷ್ಟು ಜನ. ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಈಗಿನ ಓಣಿಯಲ್ಲೇ ಅದರ ಗದ್ದಲ ಮನೆಯಿಂದ ಮನೆಗೆ ಕೇಳುತ್ತದೆ. ಆದರೆ ಖಾನಾಪುರದಾಚೆಯ ಗುಂಜಿ ಊರಿಗೆ ಅದನ್ನು ಮೊಟ್ಟಮೊದಲು ತೋರಿಸಿದವನು ನಾನು. ಇದನ್ನು ಬೇರೆ ಯಾರೂ ಬರೆಯುವ ಲಕ್ಷಣ ಕಾಣುವುದಿಲ್ಲವಾದ್ದರಿಂದ ನಾನೇ ಬರೆಯುತ್ತಿದ್ದೇನೆ.

ಎರಡು ಸಾವಿರದ ಇಸವಿಯ ಆಸುಪಾಸು. ಸಿ.ಡಿ. ಹಾಕುವ ಪೆಟ್ಟಿಗೆಗಳು ಆಗಷ್ಟೇ ಮನೆಗಳಿಗೆ ಬಂದಿದ್ದವು. ಆಗ ನಾವಿದ್ದ ಅನಗೋಳದ ಓಣಿಯ ಸಿ.ಡಿ. ಅಂಗಡಿಯವನು, "ಕಾಕಾ, ನೀವು ಕುಸ್ತಿ ಮಂದಿ, ಇದನ್ನ ಒಮ್ಮೆ ನೋಡ್ರಿ" ಎಂದು ಒಂದು ಸಿ.ಡಿ. ಕೈಗಿಟ್ಟ. ಮನೆಯಲ್ಲಿ ಹಾಕಿ ಸ್ವಲ್ಪ ಹೊತ್ತು ನೋಡಿದೆ. ತಂತಿ ಜಾಳಿಗೆಯ ಪಂಜರ, ಒಳಗೆ ಇಬ್ಬರು ದಾಂಡಿಗರು. ಗುದ್ದಾಟ, ಒದೆದಾಟ, ನಡುನಡುವೆ ಒಂದಿಷ್ಟು ಕುಸ್ತಿ. ಒಬ್ಬ ಇನ್ನೊಬ್ಬನನ್ನು ಎತ್ತಿ ಅಂಗಾತ ಒಗೆದ ಕೂಡಲೇ ಪೆಟ್ಟಿಗೆ ಆರಿಸಿದೆ. ನನಗೆ ತಕ್ಷಣ ನೆನಪಾದವನು ಗುಂಜಿಯ ಗೆಳೆಯ. ಅವನನ್ನು ಕಾಡಿಸಲು ಇಷ್ಟು ಚಂದದ ಸಾಮಾನು ಅದುವರೆಗೆ ಸಿಕ್ಕಿರಲಿಲ್ಲ.

ಅವನೂ ನಾನೂ ಅನಗೋಳದ ಒಂದೇ ಗರಡಿಯಲ್ಲಿ ಕೆಂಪು ಮಣ್ಣು ಮೆತ್ತಿಕೊಂಡು ಬೆಳೆದವರು. ಸಾಲಿ ಕಲಿಯಲೆಂದು ಸೋದರಮಾವನ ಮನೆಗೆ ಬಂದಿದ್ದ. ಸಾಲಿ ಎಷ್ಟು ಕಲಿತನೋ ಗೊತ್ತಿಲ್ಲ, ಎಮ್ಮೆಯ ಕರುವನ್ನು ಹೆಗಲ ಮೇಲೆ ಹೊತ್ತು ಹಳ್ಳ ದಾಟುವಷ್ಟು ಬೆಳೆದ. ಅಂಥವನನ್ನು ಖಾನಾಪುರದ ಕುಸ್ತಿ ಕಣದಲ್ಲಿ, ಹಲಗಿ ಬಡಿತದ ನಡುವೆ ನಾನು ಚಿತ್ ಮಾಡಿದೆ. ಅವನ ಎರಡೂ ಹೆಗಲು ಮಣ್ಣಿಗೆ ತಾಗಿದವು. ಪಂಚರು ಸೀಟಿ ಊದಿದರು. ನನ್ನ ತಲೆಗೆ ಗುಲಾಬಿ ಬಣ್ಣದ ಪಟಗಾ ಸುತ್ತಿದರು.

ಅವನ ತಕರಾರು ಆವತ್ತೇ ಶುರುವಾಯಿತು. ತಾನು ಕೆಳಗೆ ಬಿದ್ದಾಗ ನನ್ನ ಬಲಗೈ ಅವನ ತೊಡೆಗಳ ನಡುವೆ ಸಿಕ್ಕಿಬಿದ್ದಿತ್ತಂತೆ. ಪಂಚರು ಇನ್ನೊಂದು ಉಸಿರು ತಡೆದಿದ್ದರೆ ನಾನು "ಯವ್ವಾ" ಎಂದು ಕೈ ಮುಗಿಯುತ್ತಿದ್ದೆನಂತೆ. ಕೆಳಗೆ ಬಿದ್ದವನು ಗೆಲ್ಲುವುದು ಎಲ್ಲಾದರೂ ಇದೆಯೇ ಎಂದು ಎಲ್ಲರೂ ನಕ್ಕರು. ಮೂವತ್ತು ವರ್ಷ ಅವನು ಅದನ್ನೇ ಹೇಳಿದ. ಮೂವತ್ತು ವರ್ಷ ನಾನು ಗುಂಜಿಗೆ ಹೋದಾಗಲೆಲ್ಲ ಅದೇ ಪಟಗಾ ಸುತ್ತಿಕೊಂಡು ಹೋದೆ. ಅವನ ಲಗ್ನಕ್ಕೂ ಅದನ್ನೇ ಸುತ್ತಿಕೊಂಡಿದ್ದೆ. ಪಾಪ, ಅಕ್ಷತೆ ಬೀಳುವಾಗಲೂ ಮದುಮಗನ ಕಣ್ಣು ನನ್ನ ತಲೆಯ ಮೇಲೇ ಇತ್ತು.

ಒಂದು ರವಿವಾರ ಸಿ.ಡಿ. ಪೆಟ್ಟಿಗೆಯನ್ನು ಚಾದರದಲ್ಲಿ ಸುತ್ತಿಕೊಂಡು ಪ್ಯಾಸೆಂಜರ್ ಗಾಡಿ ಹತ್ತಿದೆ. ಖಾನಾಪುರದಲ್ಲಿ ಗಾಡಿ ನಿಂತಾಗ ಆ ಕಣ ಇದ್ದ ದಿಕ್ಕಿಗೆ ಮುಖ ಮಾಡಿ ಮೀಸೆ ತಿರುವುವುದು ನನ್ನ ಪದ್ಧತಿ. ಆವತ್ತೂ ತಿರುವಿದೆ. ಕಿಟಕಿಯ ಬಳಿ ಕುಳಿತಿದ್ದ ಅಜ್ಜಿ ತನ್ನನ್ನೇ ನೋಡಿ ತಿರುವಿದನೆಂದು ತಿಳಿದು, ಸೆರಗು ಬಿಗಿಮಾಡಿ ಬೇರೆ ಕಡೆ ಹೋಗಿ ಕುಳಿತಳು. ಆ ವಯಸ್ಸಿಗೂ ನನ್ನ ಮೀಸೆಗೆ ಅಷ್ಟು ದರ್ಪ ಇತ್ತು.

ಗುಂಜಿಯ ಮನೆಯ ಕಟ್ಟೆಯ ಮೇಲೆ ಅವನು ಹಗ್ಗ ಹೊಸೆಯುತ್ತ ಕುಳಿತಿದ್ದ.

"ಬಂದ ನೋಡ, ಬಾಡಿಗಿ ಮದುಮಗ," ಎಂದ ಪಟಗಾ ನೋಡಿ.

"ಗೆದ್ದಾಂವನ ತಲಿ ಭಾರ ಇರತೈತಿ. ನಿನಗ ಗೊತ್ತಾಗೂದಿಲ್ಲ ಬಿಡು."

ಅವನ ಹೆಂಡತಿ ಒಳಗಿನಿಂದಲೇ ಕೂಗಿದಳು: "ಬರ್ರಿ ಅಣ್ಣಾರ, ಕುಂದರ್ರಿ. ಮೊದಲ ನೀರ ಕುಡೀರಿ, ಆಮ್ಯಾಲ ಜಗಳಾಡೀರಂತ."

ಬೆಳಗಾವಿಯಿಂದ ಕುಸ್ತಿಯ ಸಿ.ಡಿ. ಬಂದಿದೆ ಎಂಬ ಸುದ್ದಿಗೆ ಓಣಿಯ ಹಳೆಯ ಕುಸ್ತಿ ಹುಚ್ಚರೆಲ್ಲ ಪಡಸಾಲೆ ತುಂಬಿದರು. ಕರೆಂಟೂ ಇತ್ತು.

"ಪಂಜರದಾಗ ಯಾಕ ಹಾಕ್ಯಾರ್ರಿ ಇವರನ್ನ?" ಎಂದು ಒಬ್ಬರು ಕೇಳಿದರು.

"ಕಚ್ಚತಾರಂತ್ರಿ. ಹಿಂದಕ್ಕ ಒಮ್ಮೆ ನೋಡಾಕ ಬಂದಾವರನ್ನ ಕಚ್ಚಿದ್ರಂತ," ಎಂದೆ. ಮುಂದೆ ಕುಳಿತಿದ್ದವರು ಟಿವಿಯಿಂದ ಒಂದು ಮೊಳ ಹಿಂದೆ ಸರಿದರು.

ಕೆಂಪು ಚಡ್ಡಿಯವನೊಬ್ಬ, ಕರಿ ಚಡ್ಡಿಯವನೊಬ್ಬ. ಶುರುವಾದ ಕೂಡಲೇ ಕೆಂಪು ಚಡ್ಡಿಯವನು ಕರಿಯವನನ್ನು ಸೊಂಟಕ್ಕೆ ಹಿಡಿದೆತ್ತಿ ಧಪ್ಪನೆ ಅಂಗಾತ ಒಗೆದ. ಪಡಸಾಲೆಯೆಲ್ಲ "ಚಿತ್! ಚಿತ್!" ಎಂದು ಎದ್ದು ನಿಂತಿತು. ಒಬ್ಬರು ಎಣ್ಣೆ ಡಬ್ಬಿಯ ಮೇಲೆ ಹಲಗಿಯ ಪೆಟ್ಟು ಬಡಿದರು. ನಾನು ಪಟಗಾ ಸರಿಮಾಡಿಕೊಂಡು ಗೆಳೆಯನ ಕಡೆ ತಿರುಗಿ, "ನೋಡಿದೇನ? ಅಂಗಾತ ಬಿದ್ದಾಂವನ ಹಣೇಬರಾ ಎಲ್ಲಾ ಊರಾಗೂ ಒಂದ. ಮುಗೀತು, ಏಳ್ರಿ, ಚಾ ಕುಡಿಯೂಣು" ಎಂದೆ.

ನಮ್ಮ ಕಡೆಯ ರೂಢಿಯೇ ಹಾಗೆ. ಹೆಗಲು ನೆಲಕ್ಕೆ ತಾಗಿತು ಎಂದರೆ ಅಲ್ಲಿ ನೋಡುವುದು ಏನೂ ಉಳಿಯುವುದಿಲ್ಲ. ಎಲ್ಲರೂ ಟಿವಿಗೆ ಬೆನ್ನು ತಿರುಗಿಸಿ ಕಟ್ಟೆಗೆ ಬಂದು ಚಹಾದ ಬಸಿ ಹಿಡಿದೆವು. ಗೆಳೆಯನೂ ತಲೆ ತಗ್ಗಿಸಿಕೊಂಡು ಬಂದ. ಟಿವಿ ಮುಂದೆ ಉಳಿದವಳು ಕುಸ್ತಿಯ ಗಂಧವೇ ಇಲ್ಲದ ಅವನ ಹೆಂಡತಿ ಮಾತ್ರ.

"ಅಣ್ಣಾರ, ಕೆಂಪ ಚಡ್ಡಿಯಾಂವ ನೆಲಾ ಬಡಿಯಾಕತ್ತಾನಲ್ರಿ!"

"ಗೆದ್ದ ಖುಷಿಗೆ ಬಡಿತಾನ ತಂಗೆವ್ವಾ."

"ಖುಷಿ ಎಲ್ಲೀದ್ರಿ? ಮಾರಿ ನೋಡಿದ್ರ ಬ್ಯಾನಿ ತಿನ್ನಾಕತ್ತಂಗ ಐತಿ. ಅಯ್ಯ, ಕೆಳಗ ಬಿದ್ದಾಂವನ ಕೈ ಎತ್ತಿದ್ರು ನೋಡ್ರಿ!"

ಎಲ್ಲರೂ ನಕ್ಕರು. ಗೆಳೆಯ ನಗಲಿಲ್ಲ. ಚಹಾ ಅಲ್ಲೇ ಇಟ್ಟು ಒಳಗೆ ಹೋದ. "ಲೇ, ಬಾ ಇಲ್ಲೆ. ಮತ್ತೊಮ್ಮೆ ಹಚ್ಚು," ಎಂದ.

ಹಚ್ಚಿದೆ. ಅವನು ಪರದೆಗೆ ಮೂಗು ತಾಗಿಸುವಷ್ಟು ಹತ್ತಿರ ಕುಳಿತ. ಕರಿ ಚಡ್ಡಿಯವನು ಅಂಗಾತ ಬಿದ್ದವನೇ ಮೇಲಿನವನ ಕೈಯನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡ. ಕಾಲು ಅವನ ಮುಖದ ಮೇಲೆ ಹಾಕಿದ. ಸೊಂಟ ಎತ್ತಿದ. ಮೇಲಿನವನು ಅಂಗೈಯಿಂದ ನೆಲ ಬಡಿದು ಸೋಲೊಪ್ಪಿಕೊಂಡ.

ಗೆಳೆಯ ಪರದೆಯಿಂದ ನನ್ನ ಕಡೆ ತಿರುಗಿದ. ಮೂವತ್ತು ವರ್ಷ ಯಾರೂ ನಂಬದ ಅವನ ಮಾತಿಗೆ, ಊರು ಗೊತ್ತಿಲ್ಲದ, ಭಾಷೆ ಗೊತ್ತಿಲ್ಲದ ಒಬ್ಬ ಕರಿ ಚಡ್ಡಿಯವನು ಬಂದು ಸಾಕ್ಷಿ ಹೇಳಿದ್ದ. ಸಾಕ್ಷಿಯನ್ನು ಟಿಕೀಟು ತೆಗೆಸಿ ಕರೆತಂದವನು ನಾನು.

"ನಿನ್ನ ಕೈ ಹಿಂಗ ಇತ್ತಲೇ," ಎಂದ.

"ಅದು ಪರದೇಶದ ಆಟ. ನಮ್ಮಲ್ಲೆ ಹೆಗಲ ನೆಲಕ್ಕ ಹತ್ತಿದ್ರ ಸೋತಂಗ. ಪಂಚರು ಸೀಟಿ ಊದಿದ್ರು."

"ಪಂಚರದ ಬಿಡು. ಅವತ್ತ ನಿನ್ನ ಕೈ ಏನ ಅಂತಿತ್ತು? ಅದನ್ನ ಹೇಳು."

"ಕೈಗೆ ಬಾಯಿ ಎಲ್ಲೈತಿ?"

"ಹಂಗಾದ್ರ ಅಂಗಳಕ್ಕ ಬಾ, ಕೇಳೂಣು."

ಎಲ್ಲರೂ ನನ್ನ ಪಟಗಾ ನೋಡುತ್ತಿದ್ದರು. ಹೋಗದಿದ್ದರೆ ಅದರ ಮಾನ ಅಲ್ಲೇ ಹೋಯಿತು. ಅಂಗಳದಲ್ಲಿ ಭತ್ತದ ಹುಲ್ಲು ಹರವಿದ್ದರು. ಅವನು ತಾನೇ ಅದರ ಮೇಲೆ ಅಂಗಾತ ಮಲಗಿದ. ನಾನು ಪಟಗಾ ತೆಗೆದು ಕಟ್ಟೆಯ ಮೇಲಿಟ್ಟು, ಧೋತರದ ಕಚ್ಚೆ ಬಿಗಿದು, ಮೊದಲಿನ ಹಾಗೇ ಅವನ ಮೇಲೆ ಬಾಗಿದೆ.

"ಸೊಂಟಾ ಹಿಡಿದ್ರ ಎಣ್ಣಿ ಹಚ್ಚಾಕ ನನ್ನ ಕರೀಬ್ಯಾಡ್ರಿ!" ಎಂದು ಅವನ ಹೆಂಡತಿ ಮೊದಲೇ ಹೇಳಿಬಿಟ್ಟಳು.

ಅದೇ ಬಲಗೈ, ಅದೇ ತೊಡೆಗಳು. ಎಷ್ಟೇ ನೋವಾದರೂ ನಗುತ್ತಲೇ ಇರಬೇಕೆಂದು ನಿರ್ಧರಿಸಿದ್ದೆ. ಅವನು ಸೊಂಟ ಎತ್ತಿದ. ಮೊಣಕೈಯಿಂದ ಹೆಗಲಿನವರೆಗೆ ಒಂದು ನೋವು ಎದ್ದುಬಂತು. ನನ್ನ ಕೈಗೆ ಅದರ ಗುರುತು ಖಾನಾಪುರದ ಕಣದಿಂದಲೇ ಚೆನ್ನಾಗಿ ಇತ್ತು. ಹುಲ್ಲಿನ ಮೇಲೆ ನನ್ನ ಎಡ ಅಂಗೈ ಪಟಪಟ ಬಡಿಯಿತು.

ಅವನು ತಕ್ಷಣ ಕೈ ಬಿಟ್ಟ. "ಇಷ್ಟ," ಎಂದ. ಎದ್ದು ಹೋಗಿ ಕಟ್ಟೆಯ ಮೇಲಿದ್ದ ಪಟಗಾವನ್ನು ತೆಗೆದುಕೊಂಡು, ಅವಸರವಿಲ್ಲದೆ, ಒಂದೊಂದೇ ಸುತ್ತು ಸುತ್ತಿಕೊಂಡ. ಯಾರೂ ಡಬ್ಬಿ ಬಡಿಯಲಿಲ್ಲ.

"ಇರುವಿ ಕಡೀತು, ಅದನ್ನ ಬಡಿದೆ," ಎಂದು ನಾನು ಎಲ್ಲರಿಗೂ ಹೇಳಿದೆ.

"ಭಾಳ ದೊಡ್ಡ ಇರುವಿ ಬಿಡ್ರಿ ಅಣ್ಣಾರ. ನಮ್ಮನಿಯವರ ಧೋತರಾ ಉಟ್ಟಿತ್ತು," ಎಂದಳು ಅವನ ಹೆಂಡತಿ.

ಪಂಜರದ ಕುಸ್ತಿಯ ಬಗ್ಗೆ ನನ್ನ ಅಭಿಪ್ರಾಯ ಕೇಳುವವರಿಗೆ ನಾನು ಹೇಳುವುದು ಇಷ್ಟು. ಬಿದ್ದವನನ್ನು ಗುದ್ದುವುದು ನನಗೆ ಸೇರುವುದಿಲ್ಲ. ರಕ್ತ ಬಂದರೆ ಚಾನೆಲ್ ಬದಲಿಸುತ್ತೇನೆ. ಆದರೆ ಇಬ್ಬರು ನೆಲಕ್ಕೆ ಬಿದ್ದು ಕೈಕಾಲು ಸಿಕ್ಕಿಸಿಕೊಂಡರೆ ಊಟಕ್ಕೂ ಏಳುವುದಿಲ್ಲ. ನಮ್ಮ ಕುಸ್ತಿಯಲ್ಲಿ ಸೋಲನ್ನು ಪಂಚರು ಹೇಳುತ್ತಾರೆ, ಸೋತವನು ಆಯುಷ್ಯವಿಡೀ ತಕರಾರು ಮಾಡಿಕೊಂಡು ಇರಬಹುದು. ಅಲ್ಲಿ ಎಷ್ಟೋ ಸಲ ಸೋತವನು ತನ್ನ ಕೈಯಾರೆ ನೆಲ ಬಡಿದು ಹೇಳಬೇಕು. ನನ್ನಂಥ ಮನುಷ್ಯರಿಗೆ ಅದು ಬಹಳ ತೊಂದರೆಯ ಕಾನೂನು.

ಸಂಜೆ ಅವನು ಪಟಗಾ ಸುತ್ತಿಕೊಂಡೇ ಸ್ಟೇಷನ್ನಿಗೆ ಬಂದ. ಇಡೀ ಪ್ಲಾಟ್‌ಫಾರ್ಮ್ ಅವನನ್ನೇ ನೋಡುತ್ತಿತ್ತು. ನನ್ನ ತಲೆಯ ಮೇಲೆ ಅದು ಅಷ್ಟು ಚಂದ ಕಂಡಿತ್ತೋ ಇಲ್ಲವೋ, ನನಗೆ ನೋಡಲು ಆಗಿರಲಿಲ್ಲ. ಗಾಡಿ ಅಲುಗಿದಾಗ ನಾನು ಕಿಟಕಿಯಿಂದ ಕೂಗಿದೆ: "ಇವತ್ತೂ ಹೆಗಲ ನೆಲಕ್ಕ ಹತ್ತಿತ್ತಲೇ! ಎರಡನೇ ಸಲ ಚಿತ್ ಆದಿ!"

ಅವನು ಕಿವಿಗೆ ಕೈಹಚ್ಚಿ, ಕೇಳಿಸಲಿಲ್ಲ ಎಂಬಂತೆ ನಕ್ಕ. ನಾನು ಕಿಟಕಿಯ ಕೆಳಗಿನ ತಗಡನ್ನು ಅಂಗೈಯಿಂದ ಪಟಪಟ ಬಡಿದೆ. ಹೋಗಿ ಬರುತ್ತೇನೆ ಎಂದು ಬಡಿದದ್ದು ಅದು. ಅವನು ಏನೆಂದು ತಿಳಿದನೋ, ಗಾಡಿ ಕಾಡಿನ ತಿರುವು ದಾಟುವವರೆಗೂ ಪಟಗಾದ ತುದಿ ಹಿಡಿದು ಬೀಸುತ್ತಲೇ ಇದ್ದ.