ಗೋಣಿ ನೂಲು ಕಟ್ಟಿದ ಜಾಯಿಂಟ್

ಬಂಟ್ವಾಳದ ಗ್ಯಾರೇಜೊಂದರಲ್ಲಿ ಒಂಬತ್ತು ವರ್ಷ ಕಾರುಗಳ ವಯರಿಂಗ್ ಕೆಲಸ ಮಾಡಿದ್ದೆ. ಧಣಿ ನನ್ನನ್ನು ಹೊರಹಾಕಿದ್ದು ಒಬ್ಬ ಡಾಕ್ಟರ ಕಾರಿನಿಂದಾಗಿ. ಅದು ಮಾಣಿ ಎಂಬ ಊರಿನ ಹತ್ತಿರ ಜಗ್ಗಿ ಜಗ್ಗಿ ನಿಂತುಬಿಟ್ಟಿತ್ತು. ಡಾಕ್ಟರು ರೇಗುತ್ತಾ ಬಂದಾಗ ಧಣಿ ನನ್ನತ್ತ ಬೆರಳು ತೋರಿಸಿದರು. "ವಯರಿಂಗ್ ಇವನದ್ದೇ. ಇವನನ್ನು ಈಗಲೇ ಕಳಿಸ್ತೇನೆ."

ಆ ಕಾರಿನ ಎಂಜಿನ್ ವಯರುಗಳನ್ನು ನಾನು ಮುಟ್ಟಿರಲೇ ಇಲ್ಲ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಧಣಿ ನನ್ನ ಸ್ಪಾನರ್ ಚೀಲವನ್ನೆತ್ತಿ ರಸ್ತೆಗೆ ಎಸೆದರು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ನೋಡುತ್ತಿದ್ದಂತೆ ನಾನು ಬಗ್ಗಿ ಒಂದೊಂದನ್ನೇ ಹೆಕ್ಕಿದೆ.

ಆಮೇಲೆ ಮೂಡುಬಿದಿರೆಯಲ್ಲಿ ಸ್ವಂತ ಶೆಡ್ಡು ಹಾಕಿದೆ. ಕೆಲಸ ಚೆನ್ನಾಗಿಯೇ ನಡೆಯಿತು. ಆದರೂ ಆ ಸಿಟ್ಟನ್ನು ನಾಲ್ಕು ವರ್ಷ ಆರಲು ಬಿಡಲಿಲ್ಲ.

ಕಳೆದ ಮಳೆಗಾಲ ಮುಗಿದ ಮೇಲೆ ನಾರಾವಿಯ ಕೃಷಿಕರೊಬ್ಬರು ಹಳೆಯ ಕಾರೊಂದನ್ನು ತಂದರು. ನಂಬರ್ ನೋಡಿದೊಡನೆ ಗುರುತು ಹತ್ತಿತು. ಡಾಕ್ಟರ ಅದೇ ಕಾರು, ಈಗ ಇವರ ಕೈಯಲ್ಲಿ.

"ಏರಿನಲ್ಲಿ ಜಗ್ಗುತ್ತದೆ ಅಣ್ಣ. ಪ್ಲಗ್ ಬದಲಾಯಿಸಿ ಆಯ್ತು, ಕಾಯಿಲ್ ಹೊಸತು ಹಾಕಿ ಆಯ್ತು. ಬೆಳ್ತಂಗಡಿಯಲ್ಲಿ ಇಬ್ಬರು ನೋಡಿದ್ದಾರೆ. ಏನೂ ಪ್ರಯೋಜನ ಇಲ್ಲ."

ಎಂಜಿನ್ ಚಾಲೂ ಮಾಡಿಟ್ಟು, ವಯರಿನ ಕಟ್ಟನ್ನು ತುದಿಯಿಂದ ಮೆಲ್ಲಗೆ ಅಲ್ಲಾಡಿಸುತ್ತಾ ಹೋದೆ. ಎಂಜಿನ್ನಿನ ಹಿಂದೆ, ಕಬ್ಬಿಣದ ಪಟ್ಟಿಯೊಂದಕ್ಕೆ ವಯರು ಉಜ್ಜುವಲ್ಲಿ ಕೈ ತಾಗಿದ್ದೇ ತಡ, ಎಂಜಿನ್ ಮುಗ್ಗರಿಸಿತು. ಕೈ ತೆಗೆದರೆ ಸರಿ. ಮತ್ತೆ ಮುಟ್ಟಿದರೆ ಮತ್ತೆ ಅದೇ. ಆಫ್ ಮಾಡಿ ಹೊದಿಕೆ ಬಿಚ್ಚಿದೆ. ಎಂಜಿನ್ನಿಗೆ ಕಿಡಿ ಕೊಡುವ ಕಾಯಿಲುಗಳಲ್ಲಿ ಮೂರನೆಯದಕ್ಕೆ ಹೋಗುವ ವಯರನ್ನು ಯಾರೋ ಬೆಸುಗೆಯಿಲ್ಲದೆ ಬರೀ ತಿರುಚಿ, ಟೇಪು ಸುತ್ತಿ, ಮೇಲೆ ಗೋಣಿ ಹೊಲಿಯುವ ನೂಲು ಬಿಗಿದಿದ್ದರು. ಒಳಗೆ ತಾಮ್ರ ಹಸಿರುಗಟ್ಟಿತ್ತು.

ನೂಲು ಕಟ್ಟುವ ಅಭ್ಯಾಸ ಇದ್ದದ್ದು ಇಡೀ ಬಂಟ್ವಾಳದಲ್ಲಿ ಒಬ್ಬರಿಗೇ. ನನ್ನ ಧಣಿಗೆ.

ಆ ತುಂಡನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡೆ. ಹೊಸ ವಯರು ಬೆಸೆದು, ಪಟ್ಟಿಗೆ ತಾಗದಂತೆ ದೂರ ಕ್ಲಿಪ್ ಹಾಕಿದೆ. ನಾರಾವಿ ರಸ್ತೆಯ ಏರಿನಲ್ಲಿ ಕಾರು ಒಮ್ಮೆಯೂ ಜಗ್ಗಲಿಲ್ಲ. ಕೃಷಿಕರಿಗೆ ನಡೆದದ್ದೆಲ್ಲ ಹೇಳಿದೆ.

"ಬಂಟ್ವಾಳಕ್ಕೆ ಹೋಗುವ," ಎಂದರು ಅವರು. "ನಾನೂ ಬರ್ತೇನೆ."

ಹೋಗಿದ್ದು ಶನಿವಾರ ಬೆಳಿಗ್ಗೆ, ಗ್ಯಾರೇಜಿನಲ್ಲಿ ಜನ ಇರುವ ಹೊತ್ತನ್ನು ಆರಿಸಿಯೇ. ತುಂಡನ್ನು ಧಣಿಯ ಮೇಜಿನ ಮೇಲಿಟ್ಟೆ.

"ಡಾಕ್ಟರ ಕಾರಿನದ್ದು. ನೂಲು ಯಾರದ್ದು ಹೇಳಿ."

ಅವರು ಅದನ್ನು ತಿರುಗಿಸಿ ನೋಡಿ, ತಗ್ಗಿದ ದನಿಯಲ್ಲಿ, "ಅದೆಲ್ಲ ಹಳೇ ಕತೆ ಮಾರಾಯ. ನನ್ನದೇ ಅಂತ ಅವತ್ತೇ ಗೊತ್ತಿತ್ತು, ಅದನ್ನೇ ಮತ್ತೆ ಬಿಗಿದು ಕಳಿಸಿದೆ. ಗಿರಾಕಿಯ ಎದುರು ಏನಾದರೂ ಹೇಳಬೇಕಲ್ಲ?" ಎಂದರು.

ಗೊತ್ತಿತ್ತಂತೆ. ಇಷ್ಟು ವರ್ಷ ಅವರು ತಪ್ಪು ತಿಳಿದರೆಂದೇ ನಾನು ನಂಬಿದ್ದೆ.

"ಜೋರಾಗಿ ಹೇಳಿ. ಇಲ್ಲಿದ್ದವರಿಗೆ ಕೇಳಲಿಲ್ಲ."

"ಬಿಡು ಮಾರಾಯ..."

"ಹೇಳಿ ಧಣಿಗಳೇ."

ಗ್ಯಾರೇಜಿನಲ್ಲಿದ್ದವರೆಲ್ಲ ನಮ್ಮತ್ತ ತಿರುಗಿದ್ದರು. ಕೃಷಿಕರು ಕೈಕಟ್ಟಿ ಬಾಗಿಲಲ್ಲಿ ನಿಂತಿದ್ದರು. ಧಣಿ ಮೇಜನ್ನೇ ನೋಡುತ್ತಾ, "ಜಾಯಿಂಟ್ ನನ್ನದು. ತಪ್ಪು ಇವನದ್ದಲ್ಲ," ಎಂದರು. ಮುಖ ಕಪ್ಪಿಟ್ಟಿತ್ತು. ಕನಿಕರ ಬಂದೀತೆಂದು ಒಂದು ಗಳಿಗೆ ಕಾದೆ. ಬರಲಿಲ್ಲ.

ಈಗ ಅಲ್ಲಿ ವಯರಿಂಗ್ ಕೆಲಸ ತೆಗೆದುಕೊಳ್ಳುವುದಿಲ್ಲವಂತೆ. ಬಂಟ್ವಾಳದ ಕಾರುಗಳು ನನ್ನ ಶೆಡ್ಡಿಗೆ ಬರುತ್ತವೆ. ಒಂದೊಂದು ಬಂದಾಗಲೂ ನನಗೆ ಖುಷಿಯಾಗುತ್ತದೆ.